ದಮ್ಮಿನವರ ಹೊಟ್ಟೆಯನ್ನೂ ನೋಡಬೇಕೆ?

ರೋಗಿ ಸ್ಕ್ಯಾನಿಂಗ್‌ಗೆ ಬಂದದ್ದು ಮೂತ್ರ ಕಟ್ಟುತ್ತದೆ ಎಂಬ ದೂರಿಗೆ. ಪ್ರಾಸ್ಟೇಟ್ ನೋಡಿ ಮುಗಿಸಿದ ರೇಡಿಯಾಲಜಿಸ್ಟ್ ಹೊಕ್ಕುಳಿನ ಮೇಲಕ್ಕೂ ಒಮ್ಮೆ ಕಣ್ಣು ಹಾಯಿಸಿದಾಗ ಮಹಾಧಮನಿ ಒಂದು ಕಡೆ ಉಬ್ಬಿರುವುದು ಕಂಡಿತು. ಅಗಲ 4.2 ಸೆಂಟಿಮೀಟರ್. ಹುಣಸೂರು ಕಡೆಯ ಆ ರೈತನಿಗೆ ಎಪ್ಪತ್ತು ಸಮೀಪಿಸಿದೆ. ಮೀಸೆ ಮೂಡುವ ಮೊದಲೇ ಬೀಡಿ ಹಿಡಿದವನು. ಈಚಿನ ವರ್ಷಗಳಲ್ಲಿ ಸಿಒಪಿಡಿ ಕಾಡುತ್ತಿದೆ. ಶ್ವಾಸನಾಳಗಳು ಕಿರಿದಾಗಿ, ಒಳಗೆ ಹೋದ ಉಸಿರು ಸಲೀಸಾಗಿ ಹೊರಬರಲಾರದ, ಪೂರ್ತಿ ವಾಸಿಯಾಗದ ಕಾಯಿಲೆ ಅದು. ಊರಿನವರ ಮಾತಿನಲ್ಲಿ ದಮ್ಮು.

ಮೈಸೂರಿನ ಆಸ್ಪತ್ರೆಯೊಂದರ ತಿಂಗಳ ಸಭೆಯಲ್ಲಿ ಈ ಕೇಸು ಚರ್ಚೆಗೆ ಬಂತು. ಸಭೆ ಮುಗಿದರೂ ಇಬ್ಬರ ಮಾತು ಮಾತ್ರ ಕ್ಯಾಂಟೀನಿನವರೆಗೂ ಹರಿಯಿತು. ಒಬ್ಬರು ನಿವೃತ್ತಿಯ ಅಂಚಿನಲ್ಲಿರುವ ಶ್ವಾಸಕೋಶ ತಜ್ಞರು. ಇನ್ನೊಬ್ಬರು ಒಂದು ಕಾಲಕ್ಕೆ ಅವರದೇ ವಿದ್ಯಾರ್ಥಿನಿ, ಈಗ ರಕ್ತನಾಳಗಳ ಶಸ್ತ್ರಚಿಕಿತ್ಸಕಿ.

"ಸರ್, ದಮ್ಮು ಅಂತ ಈ ಮನುಷ್ಯ ವರ್ಷಗಟ್ಟಲೆ ಆಸ್ಪತ್ರೆಗೆ ಬಂದಿದ್ದಾರೆ. ಎದೆಯ ಎಕ್ಸ್‌ರೇ ಎಷ್ಟು ಸಲ ತೆಗೆಸಿದ್ದಾರೋ! ಹೊಟ್ಟೆಯನ್ನ ಒಂದು ಸಲ ನೋಡೋಣ ಅಂತ ಯಾರಿಗೂ ಅನ್ನಿಸಲಿಲ್ಲ."

"ಯಾಕಮ್ಮಾ ಅನ್ನಿಸಬೇಕು? ದಮ್ಮಿಗೂ ಹೊಟ್ಟೆಯ ಧಮನಿಗೂ ಏನು ನಂಟು ಅಂತ ಮೊದಲು ಹೇಳು. ಎರಡೂ ಬೀಡಿಯಿಂದ ಬಂದಿವೆ. ಅದಕ್ಕಿಂತ ಹೆಚ್ಚಿನ ಸಂಬಂಧ ನನಗೆ ಕಾಣಿಸ್ತಿಲ್ಲ."

"ಅದಕ್ಕಿಂತ ಹೆಚ್ಚಿನದು ಇದೆ ಅಂತಲೇ ನನ್ನ ವಾದ."

ವಾದಕ್ಕೆ ಇಳಿಯುವ ಮೊದಲು ಕಾಯಿಲೆಯ ಪರಿಚಯ ಆಗಲಿ. ಹೃದಯದಿಂದ ಹೊರಟ ಮಹಾಧಮನಿ ಎದೆಯನ್ನು ದಾಟಿ, ಬೆನ್ನುಮೂಳೆಯ ಮುಂದೆ ಹೊಟ್ಟೆಯೊಳಗೆ ಇಳಿದು, ಹೊಕ್ಕುಳಿನ ಆಸುಪಾಸಿನಲ್ಲಿ ಎರಡು ಕಾಲುಗಳಿಗೆ ಕವಲಾಗುತ್ತದೆ. ಹೊಟ್ಟೆಯೊಳಗೆ ಅದರ ಅಗಲ ಸುಮಾರು 2 ಸೆಂಟಿಮೀಟರ್. ಗೋಡೆ ದುರ್ಬಲವಾದ ಕಡೆ, ಹಳೆಯ ಸೈಕಲ್ ಟ್ಯೂಬು ಸವೆದ ಜಾಗದಲ್ಲಿ ಉಬ್ಬುವ ಹಾಗೆ, ಅದು ಹಿಗ್ಗುತ್ತಾ ಹೋಗುತ್ತದೆ. 3 ಸೆಂಟಿಮೀಟರ್ ಮುಟ್ಟಿದರೆ ವೈದ್ಯರು ಅದನ್ನು ಅನ್ಯೂರಿಸಂ ಎನ್ನುತ್ತಾರೆ. ನೋವಿಲ್ಲ, ಜ್ವರವಿಲ್ಲ, ಯಾವ ಸುಳಿವೂ ಇಲ್ಲ. ಒಡೆದರೆ ಮಾತ್ರ ಹತ್ತರಲ್ಲಿ ಸುಮಾರು ಎಂಟು ಮಂದಿ ಉಳಿಯುವುದಿಲ್ಲ. ಹಲವರು ಆಸ್ಪತ್ರೆಯ ಬಾಗಿಲನ್ನೇ ಮುಟ್ಟುವುದಿಲ್ಲ. ಆಲ್ಬರ್ಟ್ ಐನ್‌ಸ್ಟೈನ್ ತೀರಿಕೊಂಡದ್ದು ಇದರಿಂದಲೇ. 1948ರಲ್ಲಿ ಶಸ್ತ್ರಚಿಕಿತ್ಸಕ ರುಡಾಲ್ಫ್ ನಿಸ್ಸೆನ್ ಆ ಉಬ್ಬಿನ ಸುತ್ತ ಸೆಲ್ಲೋಫೇನ್ ಹಾಳೆ ಸುತ್ತಿದ್ದರು. ಆ ಕಾಲಕ್ಕೆ ಗೊತ್ತಿದ್ದ ಉಪಾಯ ಅದು. 1955ರ ಏಪ್ರಿಲ್‌ನಲ್ಲಿ ಅದು ಒಡೆಯಿತು. ಐನ್‌ಸ್ಟೈನ್ ಬಹುಕಾಲ ಪೈಪು ಸೇದಿದವರು.

"ಶ್ವಾಸಕೋಶಕ್ಕೂ ಧಮನಿಗೂ ಹಿಗ್ಗಿ ಕುಗ್ಗುವ ಶಕ್ತಿ ಕೊಡೋದು ಎಲಾಸ್ಟಿನ್ ಅನ್ನೋ ಒಂದೇ ಪ್ರೋಟೀನು," ಎಂದು ಕಿರಿಯ ವೈದ್ಯೆ ಶುರುಮಾಡಿದರು. "ಅದರ ಬಹುಪಾಲು ತಯಾರಾಗೋದು ಎಳೆಯ ವಯಸ್ಸಿನಲ್ಲಿ. ಆಮೇಲೆ ಜೀವನಪೂರ್ತಿ ಅದನ್ನೇ ಬಳಸ್ಕೋಬೇಕು, ಹೋದ್ರೆ ಹೋಯ್ತು. ಹೊಗೆ ಒಳಗೆ ಹೋದಾಗ ಬಿಳಿರಕ್ತಕಣಗಳು ಉರಿಯೂತದ ಜಾಗಕ್ಕೆ ನುಗ್ಗಿ, ಎಲಾಸ್ಟಿನ್ ಕರಗಿಸುವ ಕಿಣ್ವಗಳನ್ನ ಬಿಡ್ತವೆ. ಶ್ವಾಸಕೋಶದಲ್ಲಿ ಗಾಳಿಚೀಲದ ಗೋಡೆ ಹರಿದ್ರೆ ನೀವು ಎಂಫಿಸೀಮಾ ಅಂತೀರಿ. ಅದೇ ಕೆಲಸ ಮಹಾಧಮನಿಯ ಗೋಡೆಯಲ್ಲಿ ನಡೆದ್ರೆ ನಾನು ಅನ್ಯೂರಿಸಂ ಅಂತೀನಿ. ಮೂತ್ರಪಿಂಡಗಳ ಕೆಳಗಿನ ಧಮನಿಯಲ್ಲಿ ಎಲಾಸ್ಟಿನ್ ಪದರಗಳು ಎದೆಯ ಭಾಗಕ್ಕಿಂತ ಕಡಿಮೆ. ಉಬ್ಬು ಹೆಚ್ಚಾಗಿ ಅಲ್ಲೇ ಬರತ್ತೆ."

ಹಿರಿಯರು ತಲೆಯಾಡಿಸಿದರು. ಈ ಕಥೆಯ ಮೊದಲರ್ಧ ಅವರ ಶಾಸ್ತ್ರದ್ದೇ. 1963ರಲ್ಲಿ ಸ್ವೀಡನ್ನಿನ ಮಾಲ್ಮೊದಲ್ಲಿ ಕಾರ್ಲ್-ಬರ್ಟಿಲ್ ಲಾರೆಲ್ ಮತ್ತು ಸ್ಟೆನ್ ಎರಿಕ್ಸನ್, ರಕ್ತದ ಪ್ರೋಟೀನುಗಳ ಪರೀಕ್ಷೆಯಲ್ಲಿ ಕೆಲವರಿಗೆ ಒಂದು ಪಟ್ಟಿಯೇ ಇಲ್ಲದಿರುವುದನ್ನು ಗಮನಿಸಿದ್ದರು. ಕಾಣೆಯಾಗಿದ್ದದ್ದು ಆಲ್ಫಾ-1 ಆಂಟಿಟ್ರಿಪ್ಸಿನ್, ಎಲಾಸ್ಟಿನ್ ಕರಗಿಸುವ ಕಿಣ್ವಕ್ಕೆ ಕಡಿವಾಣ ಹಾಕುವ ಪ್ರೋಟೀನು. ಅದಿಲ್ಲದವರಿಗೆ ಚಿಕ್ಕ ವಯಸ್ಸಿನಲ್ಲೇ ಎಂಫಿಸೀಮಾ ಬರುತ್ತಿತ್ತು. ಶ್ವಾಸಕೋಶ ಹಾಳಾಗುವುದು ಹೇಗೆ ಎಂಬ ಆಧುನಿಕ ತಿಳಿವಳಿಕೆ ಬೆಳೆದದ್ದು ಅಲ್ಲಿಂದ.

"ಸರಿ, ಆದ್ರೆ ಅದೇ ಉದಾಹರಣೆ ನಿನ್ನ ವಾದಕ್ಕೆ ತೊಡಕಾಗತ್ತೆ ನೋಡು. ಕಡಿವಾಣ ಇಲ್ಲದ ಆ ರೋಗಿಗಳಿಗೆ ಅನ್ಯೂರಿಸಂ ಕೂಡ ಸಾಲುಸಾಲಾಗಿ ಬರಬೇಕಿತ್ತಲ್ಲ? ಹುಡುಕಿದವರಲ್ಲಿ ಕೆಲವರು ಇದೆ ಅಂದ್ರು, ಕೆಲವರು ಇಲ್ಲ ಅಂದ್ರು. ಒಮ್ಮತವೇ ಇಲ್ಲ."

"ರೋಗ ಶುರುವಾಗೋದರ ವಿಷಯ ಬದಿಗಿಡಿ ಸರ್. ಒಡೆಯೋದರ ವಿಷಯ ಕೇಳಿ. 1985ರಲ್ಲಿ ಅಮೆರಿಕದಲ್ಲಿ ಕ್ರೋನೆನ್‌ವೆಟ್ ಮತ್ತು ಸಂಗಡಿಗರು ಚಿಕ್ಕ ಅನ್ಯೂರಿಸಂಗಳಲ್ಲಿ ಯಾವುದು ಒಡೆಯತ್ತೆ ಅಂತ ಲೆಕ್ಕ ಹಾಕಿದ್ರು. ಮೂರು ಅಂಶ ಎದ್ದು ಬಂದವು: ಉಬ್ಬಿನ ಗಾತ್ರ, ರಕ್ತದೊತ್ತಡ, ಶ್ವಾಸನಾಳದ ಅಡಚಣೆ. 1999ರಲ್ಲಿ ಬ್ರಿಟನ್ನಿನಲ್ಲಿ 2,257 ರೋಗಿಗಳನ್ನ ಸ್ಕ್ಯಾನ್ ಮಾಡ್ತಾ ಹಿಂಬಾಲಿಸಿದಾಗಲೂ ಅಷ್ಟೇ. ಊದುವ ಪರೀಕ್ಷೆಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಯಾರಲ್ಲಿ ಕಡಿಮೆಯೋ ಅವರಲ್ಲಿ ಒಡೆಯುವ ಅಪಾಯ ಹೆಚ್ಚು. ಧೂಮಪಾನವನ್ನ ಬೇರೆಯಾಗಿ ಲೆಕ್ಕ ಹಾಕಿದ ಮೇಲೂ ಆ ಸಂಬಂಧ ಉಳೀತು."

"ಡೆನ್ಮಾರ್ಕಿನ ಲೆಕ್ಕವನ್ನೂ ಹೇಳು."

ಆಕೆಗೆ ಅದು ಗೊತ್ತಿತ್ತು. ಹೇಳಿದ್ದು ಮಾತ್ರ ಹಿರಿಯರೇ.

"1998ರದ್ದು. ಲಿಂಡ್‌ಹೋಲ್ಟ್ ಮತ್ತು ಸಂಗಡಿಗರು 65ರಿಂದ 73ರ ವಯಸ್ಸಿನ ಗಂಡಸರ ಹೊಟ್ಟೆ ಸ್ಕ್ಯಾನ್ ಮಾಡಿದ್ರು. ಒಟ್ಟಾರೆ ಶೇ. 4.2ರಷ್ಟು ಮಂದಿಗೆ ಅನ್ಯೂರಿಸಂ. ಸಿಒಪಿಡಿ ಇದ್ದವರಲ್ಲಿ ಶೇ. 7.7. ಇಲ್ಲಿಗೆ ನೀನು ಗೆದ್ದೆ ಅಂತ ಇಟ್ಕೋ. ಆದ್ರೆ ಉಬ್ಬು ಬೆಳೆಯುವ ವೇಗ ನೋಡಿದ್ರೆ, ಸಿಒಪಿಡಿ ಇದ್ದವರಲ್ಲೂ ಇಲ್ಲದವರಲ್ಲೂ ಹೆಚ್ಚುಕಡಿಮೆ ಒಂದೇ. ವೇಗವಾಗಿ ಬೆಳೆದದ್ದು ಸ್ಟೀರಾಯ್ಡ್ ಮಾತ್ರೆ ನುಂಗ್ತಿದ್ದವರಲ್ಲಿ, ವರ್ಷಕ್ಕೆ 4.7 ಮಿಲಿಮೀಟರ್. ಉಳಿದವರಲ್ಲಿ 2.6. ಕಾರಣ ಎರಡೂ ಕಾಯಿಲೆಗೆ ಸಾಮಾನ್ಯವಾದ ಮೂಲ ಅಲ್ಲ, ಔಷಧಿ ಮತ್ತು ಜೊತೆಗಿರುವ ಬೇರೆ ಕಾಯಿಲೆಗಳೇ ಇರಬೇಕು ಅನ್ನೋದು ಅವರ ತೀರ್ಮಾನ."

ಈ ಅಂಶದ ಮೇಲೆ ಸ್ವಲ್ಪ ನಿಲ್ಲಬೇಕು. ನಮ್ಮ ಊರುಗಳಲ್ಲಿ ದಮ್ಮು ಜೋರಾದಾಗ ಅಂಗಡಿಯಿಂದ ನೇರವಾಗಿ ತಂದು ನುಂಗುವ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇರುವುದು ಅಪರೂಪವಲ್ಲ. ಇನ್ಹೇಲರ್ ಹಿಡಿದರೆ ಚಟವಾಗುತ್ತದೆ ಎಂಬ ತಪ್ಪು ನಂಬಿಕೆಯೂ ಜನರನ್ನು ಮಾತ್ರೆಯ ಕಡೆಗೇ ತಳ್ಳುತ್ತದೆ. ಇನ್ಹೇಲರಿನಲ್ಲಿ ಔಷಧಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಶ್ವಾಸನಾಳ ಸೇರುತ್ತದೆ. ಮಾತ್ರೆಯದು ಮಿಲಿಗ್ರಾಂ ಲೆಕ್ಕ, ಮೈಯೆಲ್ಲ ಹರಡುತ್ತದೆ. ಡೆನ್ಮಾರ್ಕಿನ ಆ ಅಧ್ಯಯನದ ರೋಗಿಗಳ ಸಂಖ್ಯೆ ದೊಡ್ಡದಲ್ಲ, ಅದೊಂದರಿಂದಲೇ ಮಾತ್ರೆಯನ್ನು ಅಪರಾಧಿ ಮಾಡಲಾಗದು. ಆದರೂ ಬೇಕಾಬಿಟ್ಟಿ ಸ್ಟೀರಾಯ್ಡ್ ನುಂಗಬಾರದು ಎನ್ನಲು ಇರುವ ಕಾರಣಗಳ ಜೊತೆ ಇದನ್ನೂ ಸೇರಿಸಿಕೊಳ್ಳಬಹುದು.

"ನೆದರ್ಲೆಂಡ್ಸಿನವರು ಇನ್ನೊಂದು ದಾರಿ ಹಿಡಿದ್ರು ಸರ್," ಕಿರಿಯ ವೈದ್ಯೆ ಬಿಡಲಿಲ್ಲ. "ಅನ್ಯೂರಿಸಂ ಇದ್ದವರನ್ನ ಆರೋಗ್ಯವಂತರ ಜೊತೆ ಹೋಲಿಸಲಿಲ್ಲ. ಕಾಲಿನ ಧಮನಿ ಕಟ್ಟಿಕೊಂಡವರ ಜೊತೆ ಹೋಲಿಸಿದ್ರು. ಅವರೂ ಸೇದಿದವರೇ, ಅವರದ್ದೂ ರಕ್ತನಾಳದ ಕಾಯಿಲೆಯೇ. ಆದ್ರೂ ಅನ್ಯೂರಿಸಂ ಗುಂಪಿನಲ್ಲಿ ಶ್ವಾಸನಾಳದ ಅಡಚಣೆ ಎರಡರಷ್ಟು ಸಿಕ್ತು. ಹೊಗೆಯನ್ನ ಲೆಕ್ಕದಿಂದ ತೆಗೆದ ಮೇಲೂ ಏನೋ ಉಳಿಯತ್ತೆ ಅಂತಾಯ್ತಲ್ಲ?"

"ಹೊಗೆಯನ್ನ ಲೆಕ್ಕದಿಂದ ತೆಗೆಯೋದು ಅಷ್ಟು ಸುಲಭವೇನಮ್ಮಾ? ದಿನಕ್ಕೆ ಎಷ್ಟು ಬೀಡಿ ಅಂತ ಕೇಳ್ತೀವಿ. ಎಷ್ಟು ಆಳಕ್ಕೆ ಎಳೀತಾನೆ, ತುದಿಯವರೆಗೂ ಸೇದ್ತಾನಾ ಅಂತ ಯಾರು ಕೇಳಿದ್ದೀವಿ? ಇಬ್ಬರು ಒಂದೇ ಲೆಕ್ಕ ಹೇಳಿದ್ರೂ ಒಬ್ಬನ ಮೈಗೆ ಇನ್ನೊಬ್ಬನ ಎರಡರಷ್ಟು ಹೊಗೆ ಹೋಗಿರಬಹುದು. ಶ್ವಾಸಕೋಶ ಹೆಚ್ಚು ಕೆಟ್ಟಿದೆ ಅಂದ್ರೆ ಹೆಚ್ಚು ಹೊಗೆ ಹೋಗಿದೆ ಅಂತ ಅರ್ಥ. ನೀನು ನಂಟು ಅಂತಿರೋದು ಆ ಹೊಗೆಯ ಅಳತೆಯೇ ಇರಬಹುದು. ಇನ್ನು ನಿನ್ನ ಕಿಣ್ವದ ಸಿದ್ಧಾಂತವನ್ನ ಔಷಧಿಯಲ್ಲಿ ಪರೀಕ್ಷೆ ಮಾಡಿದ್ದೂ ಆಯ್ತು. ಡಾಕ್ಸಿಸೈಕ್ಲಿನ್ ಆ ಕಿಣ್ವಗಳನ್ನ ತಡೆಯತ್ತೆ, ಇಲಿಗಳಲ್ಲಿ ಉಬ್ಬು ನಿಂತಿತು. ಮನುಷ್ಯರಲ್ಲಿ? 2020ರಲ್ಲಿ ಅಮೆರಿಕದ ಪ್ರಯೋಗದ ಫಲಿತಾಂಶ ಬಂತು. 254 ರೋಗಿಗಳು, ಎರಡು ವರ್ಷ. ಬೆಳವಣಿಗೆ ಒಂದಿಷ್ಟೂ ತಗ್ಗಲಿಲ್ಲ."

"ಅವರಿಗೆಲ್ಲ ಉಬ್ಬು ಆಗಲೇ ಬಂದಾಗಿತ್ತು. ಎಲಾಸ್ಟಿನ್ ಹೋದ ಮೇಲೆ ಅದನ್ನ ತಿನ್ನುವ ಕಿಣ್ವಕ್ಕೆ ಬೀಗ ಹಾಕಿ ಏನು ಪ್ರಯೋಜನ? ಔಷಧಿ ತಡವಾಯ್ತು ಅನ್ನಬಹುದು, ಸಿದ್ಧಾಂತವೇ ಸುಳ್ಳು ಅನ್ನೋಕಾಗಲ್ಲ."

"ಸುಳ್ಳು ಅಂತ ನಾನೂ ಹೇಳ್ತಿಲ್ಲ. ಸಾಬೀತಾಗಿಲ್ಲ ಅಂತ ಹೇಳ್ತಿದ್ದೀನಿ."

ಇಷ್ಟು ಹೊತ್ತು ವಿದೇಶದ ಗಂಡಸರ ಸುತ್ತಲೇ ಸುತ್ತಿದ ಮಾತು ಈಗ ಮೈಸೂರು ಜಿಲ್ಲೆಗೇ ಬಂತು. ತಂದವರು ಹಿರಿಯರು. ಭಾರತದಲ್ಲಿ 2016ರ ಅಂದಾಜಿನಂತೆ ಸುಮಾರು 5.5 ಕೋಟಿ ಮಂದಿಗೆ ಸಿಒಪಿಡಿ ಇತ್ತು. ಅವರಲ್ಲಿ ದೊಡ್ಡ ಪಾಲು ಎಂದೂ ಬೀಡಿ ಮುಟ್ಟದವರು. ಹಳ್ಳಿಯ ಹೆಂಗಸರಿಗೆ ಕಾಯಿಲೆ ಬರುವುದು ಒಲೆಯಿಂದ. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಈ ಭಾಗದ ಗ್ರಾಮೀಣ ಮಹಿಳೆಯರನ್ನು ಅಧ್ಯಯನ ಮಾಡಿ, ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದಾಗ ಬರುವ ಅಂಕಿ 60 ದಾಟಿದರೆ ದೀರ್ಘಕಾಲದ ಕೆಮ್ಮು-ಕಫದ ಕಾಯಿಲೆಯ ಅಪಾಯ ಏರುತ್ತದೆ ಎಂದು ಗುರುತಿಸಿದ್ದಾರೆ. ದಿನಕ್ಕೆ 3 ಗಂಟೆ, 20 ವರ್ಷ: ಅಲ್ಲಿಗೆ 60 ಆಯಿತು. ಮದುವೆಯಾಗಿ ಬಂದ ಹುಡುಗಿ ನಲವತ್ತು ಮುಟ್ಟುವ ಹೊತ್ತಿಗೆ ಈ ಗೆರೆ ದಾಟಿರುತ್ತಾಳೆ.

"ನನ್ನ ಓಪಿಡಿಗೆ ಬರುವ ಹೆಂಗಸರಲ್ಲಿ ಎಷ್ಟೋ ಮಂದಿ ಸೌದೆ, ಬೆರಣಿ, ತೆಂಗಿನ ಗರಿ ಉರಿಸಿ ಅಡುಗೆ ಮಾಡಿದವರು. ಬೀಡಿ ಮುಟ್ಟಿದವರಲ್ಲ. ಶ್ವಾಸಕೋಶ ಮಾತ್ರ ಬೀಡಿ ಸೇದಿದ ಗಂಡಸರದ್ದಕ್ಕಿಂತ ಕಡೆ. ದಮ್ಮಿನ ಕಾಯಿಲೆಯೇ ಧಮನಿಯನ್ನ ಕೆಡಿಸತ್ತೆ ಅನ್ನೋದು ನಿಜವಾದ್ರೆ, ಈ ತಾಯಂದಿರ ಹೊಟ್ಟೆಯಲ್ಲೆಲ್ಲ ಉಬ್ಬು ಇರಬೇಕಲ್ಲಮ್ಮಾ. ಎಲ್ಲಿದೆ?"

ಕಿರಿಯ ವೈದ್ಯೆ ತಕ್ಷಣ ಉತ್ತರಿಸಲಿಲ್ಲ. ಹೆಂಗಸರಲ್ಲಿ ಅನ್ಯೂರಿಸಂ ಗಂಡಸರಿಗಿಂತ ತುಂಬ ಕಡಿಮೆ. ಆದರೆ ಬಂದರೆ, ಅದೇ ಗಾತ್ರದಲ್ಲಿ ಒಡೆಯುವ ಸಂಭವ ಗಂಡಸರ ನಾಲ್ಕರಷ್ಟು.

"ಎಲ್ಲಿದೆ ಅಂತ ಕೇಳ್ತೀರಿ ಸರ್. ಹುಡುಕಿದವರು ಯಾರು?" ಎಂದು ಆಮೇಲೆ ಕೇಳಿದರು. "ನೀವು ಊದಿಸಿ ನೋಡಿದ್ರಿ, ಎಕ್ಸ್‌ರೇ ತೆಗೆಸಿದ್ರಿ. ಹೊಟ್ಟೆ ಸ್ಕ್ಯಾನ್ ಬರೆದುಕೊಟ್ಟಿದ್ದೀರಾ? ಹಳ್ಳಿಯಲ್ಲಿ ವಯಸ್ಸಾದ ಹೆಂಗಸು ಹೊಟ್ಟೆನೋವು, ಬೆನ್ನುನೋವು ಅಂತ ಬಿದ್ದು ರಾತ್ರಿ ಬೆಳಗಾಗೋದರೊಳಗೆ ಹೋದ್ರೆ ಹಾರ್ಟ್ ಅಟ್ಯಾಕ್ ಅಂತಾರೆ, ಮಣ್ಣು ಮಾಡ್ತಾರೆ. ಪೋಸ್ಟ್‌ಮಾರ್ಟಂ ಯಾರು ಮಾಡಿಸ್ತಾರೆ?"

"ಅದು ಒಪ್ಪುವ ಮಾತೇ. ಆದ್ರೂ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಮ್ಮವರು ಬೇಕಾದಷ್ಟು ಇದ್ದಾರೆ, ಅಲ್ಲಿ ಸ್ಕ್ಯಾನ್ ಮಾಡಿ ನೋಡಿದ್ದಾರೆ. ಬಿಳಿಯ ಗಂಡಸರಲ್ಲಿ ಶೇ. 4ಕ್ಕೂ ಹೆಚ್ಚು ಸಿಕ್ಕ ಕಾಯಿಲೆ ಏಷ್ಯಾ ಮೂಲದವರಲ್ಲಿ ಶೇ. 1 ಕೂಡ ಸಿಗಲಿಲ್ಲ. ನಮ್ಮ ಜನಕ್ಕೆ ಇದು ಕಡಿಮೆ ಅನ್ನೋದು ಬರೀ ಊಹೆಯಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅನ್ಯೂರಿಸಂ ಕಡಿಮೆ, ಬೆಳೆಯೋದೂ ನಿಧಾನ. 15 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಒಟ್ಟುಗೂಡಿಸಿದಾಗಲೂ ಅದೇ ಕಂಡಿದೆ. ನಮ್ಮಲ್ಲಿ ಮನೆಮನೆಗೂ ಸಕ್ಕರೆ. ಅದರ ಪಾತ್ರ ಏನೋ!"

"ಆ 15 ಸಾವಿರದ ಲೆಕ್ಕದಲ್ಲೇ ಇನ್ನೊಂದು ಸಾಲೂ ಇದೆ. ಈಗಲೂ ಸೇದುತ್ತಿರುವವರಲ್ಲಿ ಉಬ್ಬು ಬೇಗ ಬೆಳೆಯತ್ತೆ, ಒಡೆಯುವ ಸಂಭವ ಎರಡರಷ್ಟು. ಲೆಸ್ಟರ್‌ನಲ್ಲಿ ನೋಡಿದ ಏಷ್ಯನ್ನರು ಕೆಲವು ನೂರು ಗಂಡಸರು ಮಾತ್ರ. ಅವರಲ್ಲಿ ನಲವತ್ತು ವರ್ಷ ಬೀಡಿ ಸೇದಿ ದಮ್ಮು ಹತ್ತಿಸಿಕೊಂಡವರು ಎಷ್ಟಿದ್ದಾರು? ಆ ಅಂಕಿಯಿಂದ ಹುಣಸೂರಿನ ರೈತನ ಹೊಟ್ಟೆಯನ್ನ ಅಳೆಯೋಕಾಗಲ್ಲ ಸರ್."

ಹುಣಸೂರು, ಪಿರಿಯಾಪಟ್ಟಣದ ಸೀಮೆ ರಾಜ್ಯದಲ್ಲೇ ಹೆಸರಾದ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಸೊಪ್ಪು ಹದಮಾಡಲು ಬ್ಯಾರನ್ನುಗಳಲ್ಲಿ ಸೌದೆ ಉರಿಯುತ್ತದೆ. ಅಲ್ಲಿಯ ರೈತನಿಗೆ ಹೊಗೆ ಬೀಡಿಯಿಂದಷ್ಟೇ ಬರುವುದಿಲ್ಲ. ಒಲೆ, ಬ್ಯಾರನ್ನು, ಬೀಡಿ ಮೂರರ ಹೊಗೆಯನ್ನೂ ಕುಡಿದ ಮೈ ಅದು. ಯೂರೋಪಿನ ಯಾವ ಅಧ್ಯಯನವೂ ಅಂಥ ಮೈಗಳನ್ನು ಗಮನದಲ್ಲಿಟ್ಟು ನಡೆದದ್ದಲ್ಲ. ಈ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಮಾತು: ಉತ್ತರ ಬೇಕಾದರೆ ಇಲ್ಲಿಯೇ ಹುಡುಕಬೇಕು.

ಮುಂದಿನ ಪ್ರಶ್ನೆ ಖರ್ಚಿನದು. ಬ್ರಿಟನ್ನಿನಲ್ಲಿ 65ರಿಂದ 74ರ ವಯಸ್ಸಿನ 67,800 ಗಂಡಸರನ್ನು ಸೇರಿಸಿಕೊಂಡ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಸ್ಕ್ಯಾನಿಂಗ್‌ಗೆ ಕರೆದ ಗುಂಪಿನಲ್ಲಿ ಅನ್ಯೂರಿಸಂ ಸಾವು ಶೇ. 42ರಷ್ಟು ತಗ್ಗಿತ್ತು. ಅದರ ಬಲದ ಮೇಲೆ ಇಂಗ್ಲೆಂಡ್ 2009ರಿಂದ, 65 ತುಂಬುವ ಗಂಡಸರಿಗೆಲ್ಲ ಒಂದು ಸಲ ಸ್ಕ್ಯಾನ್ ಮಾಡುವ ಯೋಜನೆ ಆರಂಭಿಸಿತು. ಅಮೆರಿಕದ ತಜ್ಞರ ಸಮಿತಿ 65ರಿಂದ 75ರ ನಡುವಿನ, ಎಂದಾದರೂ ಸೇದಿದ್ದ ಗಂಡಸರಿಗೆ ಮಾತ್ರ ಇದನ್ನು ಶಿಫಾರಸು ಮಾಡುತ್ತದೆ. ಬದುಕಿನಲ್ಲಿ 100 ಸಿಗರೇಟು ಸೇದಿದವರು ಆ ಪಟ್ಟಿಗೆ ಸೇರುತ್ತಾರೆ.

"ಆ ಎರಡರಲ್ಲೂ ಸಿಒಪಿಡಿ ಅನ್ನೋ ಷರತ್ತು ಇಲ್ಲ, ಗಮನಿಸು. ವಯಸ್ಸು ಇದೆ, ಹೊಗೆ ಇದೆ. ಇನ್ನೊಂದು ವಿಷಯ: ಯೋಜನೆ ಶುರುಮಾಡಿದಾಗ ನಿರೀಕ್ಷೆ ಮಾಡಿದ್ದಷ್ಟು ಅನ್ಯೂರಿಸಂ ಈಗ ಇಂಗ್ಲೆಂಡಿನಲ್ಲಿ ಸಿಗ್ತಿಲ್ಲ, ನೂರಕ್ಕೆ ಒಂದು ಸಿಕ್ಕರೆ ಹೆಚ್ಚು. ಜನ ಸಿಗರೇಟು ಬಿಟ್ರು, ಕಾಯಿಲೆ ಇಳೀತು. ನಮ್ಮ ಹತ್ತಿರ ಇರುವ ದುಡ್ಡನ್ನ ಬೀಡಿ ಬಿಡಿಸೋದಕ್ಕೆ, ಒಲೆಯ ಬದಲು ಗ್ಯಾಸ್ ಕೊಡೋದಕ್ಕೆ ಹಾಕಿದ್ರೆ ಶ್ವಾಸಕೋಶವೂ ಉಳಿಯತ್ತೆ, ಧಮನಿಯೂ ಉಳಿಯತ್ತೆ."

"ಮುಂದಿನ ತಲೆಮಾರಿಗೆ ಅದು ಸರಿ. ಈಗಾಗಲೇ ಎಪ್ಪತ್ತು ಮುಟ್ಟಿದವರಿಗೆ? ಸ್ಕ್ಯಾನ್‌ಗೆ ಕೆಲವು ನಿಮಿಷ ಸಾಕು, ಸೂಜಿ ಇಲ್ಲ, ವಿಕಿರಣ ಇಲ್ಲ. ಎಲ್ಲರಿಗೂ ಮಾಡಿ ಅಂತ ನಾನು ಹೇಳ್ತಿಲ್ಲ. ಅರವತ್ತೈದು ದಾಟಿ, ಸೇದಿ, ದಮ್ಮೂ ಇದ್ದ ಗಂಡಸು ನಿಮ್ಮ ಬಾಗಿಲಿಗೇ ಬಂದು ಕೂತಿರ್ತಾನೆ. ಅವನನ್ನ ಬಿಟ್ಟು ಇನ್ಯಾರನ್ನ ನೋಡಬೇಕು?"

"ನೋಡಿದೆ ಅನ್ನು, ಆರು ಸೆಂಟಿಮೀಟರ್ ಸಿಕ್ತು. ಶ್ವಾಸಕೋಶದಲ್ಲಿ ಮೂರರಲ್ಲಿ ಒಂದು ಪಾಲು ಶಕ್ತಿ ಉಳಿದಿದೆ. ಹೊಟ್ಟೆ ಕೊಯ್ದರೆ ವೆಂಟಿಲೇಟರಿನಿಂದ ಇಳಿಸೋದೇ ಕಷ್ಟ. ಆಪರೇಷನ್ ಆಗಲ್ಲ ಅಂತೀಯ. ಹೊಟ್ಟೆಯಲ್ಲಿ ಬಾಂಬ್ ಇದೆ, ತೆಗೆಯೋಕಾಗಲ್ಲ ಅಂತ ಹೇಳಿ ಮನೆಗೆ ಕಳಿಸ್ತೀಯ. ಅವನು ಮಲಗೋದು ಹೇಗೆ?"

ಇಬ್ಬರ ಮಾತಿನಲ್ಲಿ ಅತ್ಯಂತ ಭಾರದ ಪ್ರಶ್ನೆ ಇದೇ. ತೊಡೆಸಂದಿಯ ಧಮನಿಯ ಮೂಲಕ ಬಟ್ಟೆ ಹೊದಿಸಿದ ಸ್ಟೆಂಟನ್ನು ಮೇಲಕ್ಕೆ ಕಳಿಸಿ ಉಬ್ಬಿನೊಳಗೆ ಕೂರಿಸುವ ವಿಧಾನ ಬಂದದ್ದೂ ಇಂಥ ರೋಗಿಗಳಿಗಾಗಿಯೇ. 1990ರ ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುವಾನ್ ಪರೋಡಿ ಹೊಟ್ಟೆಯ ಅನ್ಯೂರಿಸಂಗೆ ಮೊದಲು ಹೀಗೆ ಚಿಕಿತ್ಸೆ ಕೊಟ್ಟ ರೋಗಿ ತೀವ್ರ ಸಿಒಪಿಡಿ ಇದ್ದವರು.

"ಹೊಟ್ಟೆ ಕೊಯ್ಯಬೇಕಾಗಿಲ್ಲ, ಎಷ್ಟೋ ಸಲ ಪೂರ್ತಿ ಮಂಪರೂ ಬೇಡ," ಎಂದರು ಕಿರಿಯ ವೈದ್ಯೆ. "ಎರಡೂ ವಿಧಾನ ಹೋಲಿಸಿದ ಬ್ರಿಟನ್ನಿನ ಪ್ರಯೋಗದಲ್ಲಿ ಮೊದಲ 30 ದಿನದ ಸಾವು ತೆರೆದ ಆಪರೇಷನ್‌ನಲ್ಲಿ ಶೇ. 4.7, ಸ್ಟೆಂಟಿನಲ್ಲಿ ಶೇ. 1.7."

"ಅದು ಎರಡನ್ನೂ ತಾಳಬಲ್ಲವರ ಲೆಕ್ಕ. ತಾಳಲಾರದವರ ಮೇಲೆ ನಡೆದ ಜೋಡಿ ಪ್ರಯೋಗ 2005ರಲ್ಲಿ ಬಂತಲ್ಲ, ಅದು ಏನು ಹೇಳ್ತು?"

ಆಕೆ ಮರೆಮಾಚಲಿಲ್ಲ. "ಸ್ಟೆಂಟ್ ಹಾಕಿಸಿಕೊಂಡವರು ಒಟ್ಟಾರೆ ಹೆಚ್ಚು ಕಾಲ ಬದುಕಲಿಲ್ಲ. ಅನ್ಯೂರಿಸಂನಿಂದ ಉಳಿದವರನ್ನ ಹೃದಯವೋ ಶ್ವಾಸಕೋಶವೋ ಕರ್ಕೊಂಡು ಹೋಯ್ತು. ಅದಕ್ಕೇ ಸರ್, ಆರು ಸೆಂಟಿಮೀಟರ್ ಆಗೋವರೆಗೂ ಕಾಯಬಾರದು ಅನ್ನೋದು. ಈ ರೈತನದ್ದು 4.2. ಗಂಡಸರಲ್ಲಿ 5.5 ಆಗೋವರೆಗೆ ಆಪರೇಷನ್‌ನಿಂದ ಲಾಭ ಇಲ್ಲ ಅಂತ ಬ್ರಿಟನ್, ಅಮೆರಿಕ ಎರಡೂ ಕಡೆಯ ಪ್ರಯೋಗಗಳು ಹೇಳಿವೆ. ಅಲ್ಲಿಗೆ ಮುಟ್ಟೋಕೆ ವರ್ಷಗಳೇ ಬೇಕು, ಮುಟ್ಟದೆಯೂ ಇರಬಹುದು. ಆ ಸಮಯ ನಿಮ್ಮದು. ಬೀಡಿ ಬಿಡಿಸಿ, ಇನ್ಹೇಲರ್ ಸರಿಯಾಗಿ ಎಳೆಯೋದು ಕಲಿಸಿ, ಉಸಿರಿನ ವ್ಯಾಯಾಮ ಮಾಡಿಸಿ. ಆಪರೇಷನ್ ಬೇಕಾದ ದಿನ ನನ್ನ ಮೇಜಿಗೆ ಬರುವ ಶ್ವಾಸಕೋಶ ಇವತ್ತಿನದಕ್ಕಿಂತ ಚೆನ್ನಾಗಿರಲಿ."

ಹಿರಿಯರಿಗೆ ಈ ಮಾತು ತಾಗಿತು. ಅವರ ಉತ್ತರದಲ್ಲಿ ಶರಣಾಗತಿ ಇರಲಿಲ್ಲ, ಪ್ರತಿಬೇಡಿಕೆ ಇತ್ತು. "ಹಾಗಾದ್ರೆ ನಿನ್ನ ಕಡೆಯಿಂದಲೂ ಒಂದು ಆಗಲಿ. ನಿನ್ನ ಹತ್ತಿರ ಬರುವ ಪ್ರತಿ ಅನ್ಯೂರಿಸಂ ರೋಗಿಗೂ ಮೊದಲ ದಿನವೇ ಊದುವ ಪರೀಕ್ಷೆ ಮಾಡಿಸು. ಆಪರೇಷನ್ ಹಿಂದಿನ ದಿನ ಫಿಟ್‌ನೆಸ್ ಚೀಟಿಗೆ ನನ್ನ ಹತ್ತಿರ ಕಳಿಸಬೇಡ. ನನ್ನ ದಮ್ಮಿನವರಲ್ಲಿ ವಯಸ್ಸಾದ, ಸೇದಿದ ಗಂಡಸರ ಹೊಟ್ಟೆ ನಾನು ನೋಡಿಸ್ತೀನಿ. ಆದ್ರೆ ದಮ್ಮಿನಿಂದಲೇ ಉಬ್ಬು ಬಂತು ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡ."

"ಒಲೆಯ ಮುಂದೆ ಕೂತ ಹೆಂಗಸರು, ಸರ್?"

"ಅವರಿಗೆ ಸ್ಕ್ಯಾನ್ ಬೇಕು ಅನ್ನೋಕೆ ನಿನ್ನ ಹತ್ತಿರ ಪುರಾವೆ ಇಲ್ಲ. ಬೇಡ ಅನ್ನೋಕೆ ನನ್ನ ಹತ್ತಿರವೂ ಇಲ್ಲ."

ರೈತನಿಗೆ ಬರೆದುಕೊಟ್ಟದ್ದು ಇಷ್ಟು: ಬೀಡಿ ಪೂರ್ತಿ ನಿಲ್ಲಬೇಕು, ರಕ್ತದೊತ್ತಡ ಹಿಡಿತದಲ್ಲಿರಬೇಕು, ಅಂಗಡಿಯ ದಮ್ಮಿನ ಮಾತ್ರೆ ಕೂಡದು, ವರ್ಷಕ್ಕೊಮ್ಮೆ ಸ್ಕ್ಯಾನ್. ಜೊತೆಗೆ, ಅನ್ಯೂರಿಸಂ ರಕ್ತಸಂಬಂಧಿಗಳಲ್ಲೂ ಬರುವ ಕಾಯಿಲೆಯಾದ್ದರಿಂದ, ಅಣ್ಣತಮ್ಮಂದಿರಿಗೂ ಒಂದು ಸ್ಕ್ಯಾನ್.

ಓದುಗರ ಮನೆಗಳಲ್ಲೂ ಅರವತ್ತೈದು ದಾಟಿದ, ಈಗಲೋ ಹಿಂದೆಯೋ ಸೇದಿದ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಹಿರಿಯರಿರಬಹುದು. ಮೂತ್ರಕ್ಕೋ ಪಿತ್ತಕೋಶದ ಕಲ್ಲಿಗೋ ಅವರ ಹೊಟ್ಟೆಯ ಸ್ಕ್ಯಾನ್ ನಡೆಯುವ ದಿನ, ಮಹಾಧಮನಿಯ ಅಗಲವನ್ನೂ ವರದಿಯಲ್ಲಿ ಬರೆಯಿರಿ ಎಂದು ದಯವಿಟ್ಟು ಕೇಳಿ. ಅಂಥವರಿಗೆ ಹಠಾತ್ತನೆ ಹೊಟ್ಟೆಯಲ್ಲೋ ಬೆನ್ನಲ್ಲೋ ತೀವ್ರ ನೋವು ಬಂದು ತಲೆಸುತ್ತಿದರೆ ಗ್ಯಾಸ್ಟ್ರಿಕ್ ಎಂದು ಕಾಯುತ್ತ ಕೂರಬೇಡಿ. ಸಿಟಿ ಸ್ಕ್ಯಾನ್ ಮತ್ತು ರಕ್ತನಾಳದ ಶಸ್ತ್ರಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ.